ವಿಝರ್ಡ್, ವಿಚ್, ವಾರ್ಲಾಕ್, ಇಂಟರ್‌ಸೆಪ್ಟ್: ಕನ್ನಡಕ್ಕೆ ತರುವವರಿಗೊಂದು ಸಮಗ್ರ ಮಾರ್ಗದರ್ಶಿ

ಇಂಗ್ಲಿಷಿನಿಂದ ಕನ್ನಡಕ್ಕೆ ಕಥೆಯನ್ನೋ ಸುದ್ದಿಯನ್ನೋ ವಿಡಿಯೋ ಆಟದ ಸಂಭಾಷಣೆಯನ್ನೋ ಕಾನೂನಿನ ಬರಹವನ್ನೋ ತರುವವರಿಗೆ ಎರಡು ಬಗೆಯ ತೊಡಕುಗಳು ಎದುರಾಗುತ್ತವೆ. ಮೊದಲನೆಯ ಬಗೆಯಲ್ಲಿ ಇಂಗ್ಲಿಷಿನ ಹತ್ತು ಪದಗಳಿಗೆ ನಮ್ಮ ಕೈ ಅಭ್ಯಾಸಬಲದಿಂದ ಒಂದೇ ಪದವನ್ನು ಬರೆದುಬಿಡುತ್ತದೆ. ವಿಝರ್ಡ್, ಸಾರ್ಸರರ್, ವಾರ್ಲಾಕ್, ಮೇಜ್, ಮ್ಯಾಜಿಶಿಯನ್, ಎನ್‌ಚಾಂಟರ್, ಕಾಂಜರರ್, ನೆಕ್ರೊಮ್ಯಾನ್ಸರ್ ಎಲ್ಲರೂ ‘ಮಾಂತ್ರಿಕ’ರಾಗುತ್ತಾರೆ, ವಿಚ್ ಒಬ್ಬಳು ಮಾತ್ರ ‘ಮಾಟಗಾತಿ’ಯಾಗುತ್ತಾಳೆ. ಎರಡನೆಯ ಬಗೆ ಇದಕ್ಕೆ ತೀರಾ ತಿರುಗುಮುರುಗು. ‘ನಡುವೆ ಹಿಡಿ’ ಎಂಬ ಅರ್ಥದ ಇಂಟರ್‌ಸೆಪ್ಟ್ ಎಂಬ ಒಂದೇ ಕ್ರಿಯಾಪದ ದೂರವಾಣಿ, ಕ್ಷಿಪಣಿ, ಚೆಂಡು, ರೇಖಾಗಣಿತ, ಮಳೆ ಎಲ್ಲಕ್ಕೂ ಬರುತ್ತದೆ, ಆದರೆ ಕನ್ನಡದಲ್ಲಿ ಒಂದೊಂದಕ್ಕೂ ಬೇರೆಯದೇ ಮಾತು ಬೇಕು. ಈ ಎರಡನ್ನೂ ಒಂದೇ ಮಾರ್ಗದರ್ಶಿಯಲ್ಲಿ ಸೇರಿಸಲು ಕಾರಣವಿದೆ. ಎರಡಕ್ಕೂ ಮದ್ದು ಒಂದೇ: ನಿಘಂಟನ್ನು ತೆರೆಯುವ ಮೊದಲು, ಅಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಮೊದಲ ಹಂತ: ವಾಕ್ಯ ಯಾವ ಲೋಕಕ್ಕೆ ಸೇರಿದ್ದೆಂದು ತಿಳಿಯಿರಿ

ವಿಝರ್ಡ್ ಎಂಬ ಪದ 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಮಂತ್ರತಂತ್ರದ ಸೋಂಕೇ ಇರಲಿಲ್ಲ. ಅದು ‘ತಿಳಿದವನು’ ಎಂಬ ಅರ್ಥದ ವೈಸ್ ಪದಕ್ಕೆ ‘ಆರ್ಡ್’ ಪ್ರತ್ಯಯ ಸೇರಿ ಆದದ್ದು. ಕುಡುಕನಿಗೆ ಹೇಳುವ ಡ್ರಂಕರ್ಡ್ ಪದದಲ್ಲಿರುವುದೂ ಅದೇ ಪ್ರತ್ಯಯವಾದ್ದರಿಂದ ‘ದೊಡ್ಡ ಪಂಡಿತ ಕಣಯ್ಯ’ ಎನ್ನುವಾಗಿನ ತುಸು ಹೀಯಾಳಿಕೆಯೂ ಅದರೊಳಗೆ ಬೆರೆತಿತ್ತು. 16ನೆಯ ಶತಮಾನದ ನಡುಭಾಗದ ಹೊತ್ತಿಗೆ ಅದು ಮಂತ್ರವಿದ್ಯೆ ಬಲ್ಲವನ ಹೆಸರಾಯಿತು, ಬರಬರುತ್ತ ಯಾವುದೇ ವಿದ್ಯೆಯಲ್ಲಿ ಬೆರಗು ಹುಟ್ಟಿಸುವಷ್ಟು ಪಳಗಿದವನ ಬಿರುದಾಯಿತು.

ಆದ್ದರಿಂದ ಮೊದಲ ಕೆಲಸವೆಂದರೆ ಈ ಪದ ಬಂದ ಸಾಲು ಕಥೆಯದೋ, ಆಟೋಟದ್ದೋ, ಕಂಪ್ಯೂಟರಿನದೋ ಎಂದು ನೋಡುವುದು. ಆಟೋಟದ ಸುದ್ದಿಯಲ್ಲಿ ನಮಗೆ ಕಷ್ಟವೇ ಇಲ್ಲ, ಏಕೆಂದರೆ ‘ಹಾಕಿ ಮಾಂತ್ರಿಕ ಧ್ಯಾನ್ ಚಂದ್’, ‘ಸ್ಪಿನ್ ಮಾಂತ್ರಿಕ ಚಂದ್ರಶೇಖರ್’ ಎಂಬ ಪ್ರಯೋಗಗಳು ಕನ್ನಡದ ಕ್ರೀಡಾಪುಟಗಳಲ್ಲಿ ಎಂದೋ ಬೇರೂರಿವೆ. ಎಡಿಸನ್ನನಿಗಿದ್ದ ‘ಮೆನ್ಲೊ ಪಾರ್ಕಿನ ವಿಝರ್ಡ್’ ಎಂಬ ಅಡ್ಡಹೆಸರನ್ನೂ ‘ಮೆನ್ಲೊ ಪಾರ್ಕಿನ ಮಾಂತ್ರಿಕ’ ಎಂದು ಬರೆದರೆ ಸಾಕು. ಮಾತಿನಲ್ಲಿ ನಿಪುಣನಾದವನ ವಿಷಯ ಬಂದರೆ ಇದಕ್ಕಿಂತಲೂ ಒಳ್ಳೆಯ ಪದ ನಮ್ಮಲ್ಲಿ ಸಿದ್ಧವಾಗಿದೆ. ಬೇಂದ್ರೆಯವರನ್ನು ‘ಶಬ್ದಗಾರುಡಿಗ’ ಎಂದು ಕರೆದ ನಾಡಿನಲ್ಲಿ ‘ಪದಗಳ ಮಾಂತ್ರಿಕ’ ಎಂಬ ಸಪ್ಪೆ ಅನುವಾದಕ್ಕೆ ಕೈಚಾಚುವ ಅಗತ್ಯವಿಲ್ಲ.

ಕಂಪ್ಯೂಟರಿನ ವಿಝರ್ಡ್ ಬೇರೆಯೇ ಜಾತಿ. ಬಳಕೆದಾರರನ್ನು ಒಂದೊಂದೇ ಪ್ರಶ್ನೆ ಕೇಳುತ್ತ, ‘ಮುಂದೆ’, ‘ಹಿಂದೆ’ ಎಂಬ ಗುಂಡಿಗಳ ಮೂಲಕ ಕೆಲಸ ಮುಗಿಸಿಕೊಡುವ ಕಿಟಕಿಗೆ ಈ ಹೆಸರು ಹಬ್ಬಿದ್ದು ಮೈಕ್ರೊಸಾಫ್ಟ್ ಸಂಸ್ಥೆ 1991ರಲ್ಲಿ ತನ್ನ ಪಬ್ಲಿಷರ್ ತಂತ್ರಾಂಶದಲ್ಲಿ ಅದನ್ನು ಬಳಸಿದ ಮೇಲೆ. ಅದನ್ನು ‘ಮಾಂತ್ರಿಕ’ ಎಂದು ಕನ್ನಡಿಸಿದರೆ ಮುದ್ರಕ ಜೋಡಿಸಲು ಕುಳಿತವರು ತೆಂಗಿನಕಾಯಿ, ನಿಂಬೆಹಣ್ಣು ಹುಡುಕಬೇಕಾದೀತು! ಅಲ್ಲಿ ‘ವಿಝರ್ಡ್’ ಎಂದೇ ಉಳಿಸುವುದು, ಇಲ್ಲವೇ ಕೆಲಸವನ್ನು ಹೇಳುವ ‘ಹಂತಹಂತದ ಸಹಾಯಕ’ ಎಂಬಂಥ ಮಾತನ್ನು ಬಳಸುವುದು ಲೇಸು. ಇದೇ ಜಾತಿಯ ಇನ್ನೊಂದು ಎಡವು ‘ತಾಂತ್ರಿಕ’ ಎಂಬ ಪದದ್ದು. ಕಥೆಯಲ್ಲಿ ತಂತ್ರಸಾಧಕನೊಬ್ಬ ಬಂದಾಗ ಈ ಪದ ಸರಿಯಾದದ್ದೇ ಆದರೂ, ‘ತಾಂತ್ರಿಕ ಕಾರಣಗಳಿಂದ’ ರೈಲು ತಡವಾಗುವ ಕಾಲದಲ್ಲಿ ಓದುಗರಿಗೆ ಮೊದಲು ತೋಚುವುದು ಎಂಜಿನಿಯರನೇ. ‘ತಂತ್ರಸಾಧಕ’, ‘ಮಂತ್ರವಾದಿ’ ಎಂದು ಬಿಡಿಸಿ ಬರೆದರೆ ಗೊಂದಲ ತಪ್ಪುತ್ತದೆ.

ಎರಡನೆಯ ಹಂತ: ಶಕ್ತಿ ಎಲ್ಲಿಂದ ಬಂತೆಂದು ಕೇಳಿ

ಕಾಲ್ಪನಿಕ ಕಥೆಗಳಲ್ಲೂ ಆಟಗಳಲ್ಲೂ ಈ ಪದಗಳನ್ನು ಬೇರ್ಪಡಿಸುವ ಅತ್ಯಂತ ಉಪಯುಕ್ತ ಪ್ರಶ್ನೆ ಇದೇ: ಈ ಮನುಷ್ಯ ಓದಿ ಕಲಿತವನೇ, ಹುಟ್ಟಿನಿಂದ ಪಡೆದವನೇ, ಯಾರೊಂದಿಗಾದರೂ ಒಪ್ಪಂದ ಮಾಡಿಕೊಂಡು ಗಳಿಸಿದವನೇ?

ಪದಮೂಲ ಇಲ್ಲಿ ಸ್ವಲ್ಪ ದೂರ ಮಾತ್ರ ನೆರವಿಗೆ ಬರುತ್ತದೆ. ಸಾರ್ಸರರ್ ಪದ ಲ್ಯಾಟಿನ್ನಿನ ‘ಸೋರ್ಸ್’, ಅಂದರೆ ಚೀಟಿ ಎತ್ತುವುದು ಎಂಬ ಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಮೂಲದಲ್ಲಿ ಅವನು ಚೀಟಿ ಹಾಕಿ ಭವಿಷ್ಯ ಹೇಳುವವನು, ನಮ್ಮ ಕಣಿ ಹೇಳುವವರ ದೂರದ ನೆಂಟ. ವಾರ್ಲಾಕ್ ಪದ ಹಳೆಯ ಇಂಗ್ಲಿಷಿನಲ್ಲಿ ‘ಆಣೆ ಮುರಿದವನು’, ‘ಕೊಟ್ಟ ಮಾತಿಗೆ ಸುಳ್ಳಾದವನು’ ಎಂಬ ಅರ್ಥದ್ದು. ಗಂಡು ಮಾಟಗಾರ ಎಂಬ ಅರ್ಥದಲ್ಲಿ ಅದನ್ನು ಬೆಳೆಸಿದ್ದು ಸ್ಕಾಟ್ಲೆಂಡಿನ ಜನ. ಎನ್‌ಚಾಂಟರ್ ಪದದ ಬೇರು ಲ್ಯಾಟಿನ್ನಿನ ‘ಹಾಡು’ ಎಂಬ ಧಾತುವಿನಲ್ಲಿದೆ, ಚಾರ್ಮ್ ಪದದ್ದೂ ಹಾಡೇ. ಇವೆಲ್ಲ ತಿಳಿದಿರಬೇಕಾದ ಸಂಗತಿಗಳೇ ಹೌದು, ಆದರೆ ಇಂದಿನ ಇಂಗ್ಲಿಷ್ ಲೇಖಕ ವಾರ್ಲಾಕ್ ಎಂದು ಬರೆಯುವಾಗ ಆಣೆ ಮುರಿಯುವುದನ್ನು ನೆನೆಯುತ್ತಾನೆಂದು ಭಾವಿಸುವುದು ಹುಸಿ ಪಾಂಡಿತ್ಯ.

ಇಂದಿನ ಬಳಕೆಯನ್ನು ರೂಪಿಸಿದ್ದು ಬಹುಮಟ್ಟಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಅಮೆರಿಕದ ಮೇಜಿನ ಆಟ. 1974ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿ ಇವರೆಲ್ಲ ಬೇರೆ ಬೇರೆ ಬಗೆಯ ಪಾತ್ರಗಳಾಗಿರಲಿಲ್ಲ. ‘ಮ್ಯಾಜಿಕ್ ಯೂಸರ್’ ಎಂಬ ಒಂದೇ ವರ್ಗವಿತ್ತು, ಆ ವರ್ಗದ ಪಾತ್ರ ಮೇಲೇರಿದಂತೆ ಬಿರುದು ಬದಲಾಗುತ್ತಿತ್ತು: 7ನೆಯ ಮೆಟ್ಟಿಲಿನಲ್ಲಿ ಎನ್‌ಚಾಂಟರ್, 8ರಲ್ಲಿ ವಾರ್ಲಾಕ್, 9ರಲ್ಲಿ ಸಾರ್ಸರರ್, 10ರಲ್ಲಿ ನೆಕ್ರೊಮ್ಯಾನ್ಸರ್, 11ರಲ್ಲಿ ವಿಝರ್ಡ್. ಅಂದರೆ ಇಂಗ್ಲಿಷ್ ಬಲ್ಲವರಿಗೇ ಈ ಪದಗಳು ಅದಲುಬದಲು ಮಾಡಬಹುದಾದ ಹೆಸರುಗಳಾಗಿದ್ದವು. ಸಾರ್ಸರರ್ ಪ್ರತ್ಯೇಕ ವರ್ಗವಾದದ್ದು 2000ದ ಮೂರನೆಯ ಆವೃತ್ತಿಯಲ್ಲಿ. ವಾರ್ಲಾಕ್ ಮುಖ್ಯ ಪುಸ್ತಕಕ್ಕೇ ಬಂದದ್ದು 2008ರ ನಾಲ್ಕನೆಯ ಆವೃತ್ತಿಯಲ್ಲಿ. ಅಲ್ಲಿಂದೀಚೆಗೆ ವಿಝರ್ಡ್ ಎಂದರೆ ಮಂತ್ರದ ಹೊತ್ತಗೆಯನ್ನಿಟ್ಟುಕೊಂಡು ಓದಿ ಕಲಿತವನು, ಸಾರ್ಸರರ್ ಎಂದರೆ ರಕ್ತದಲ್ಲೇ ಶಕ್ತಿಯನ್ನು ಹೊತ್ತು ಹುಟ್ಟಿದವನು, ವಾರ್ಲಾಕ್ ಎಂದರೆ ಮಾನವಾತೀತ ಶಕ್ತಿಯೊಂದರ ಜೊತೆ ಕರಾರು ಮಾಡಿಕೊಂಡವನು ಎಂಬ ವಿಂಗಡಣೆ ಆಟಗಾರರ ತಲೆಯಲ್ಲಿ ಗಟ್ಟಿಯಾಗಿದೆ, ಆಟಗಳಿಂದ ಕಾದಂಬರಿಗಳಿಗೂ ಹರಿದಿದೆ.

ಹೀಗಾಗಿ ಇಂಥ ಕೃತಿಯನ್ನು ಕನ್ನಡಕ್ಕೆ ತರುವಾಗ ಕಲಿತವನಿಗೆ ‘ಮಂತ್ರಜ್ಞ’ ಅಥವಾ ‘ಮಂತ್ರಪಂಡಿತ’ ಎಂದೂ, ಹುಟ್ಟುಶಕ್ತಿಯವನಿಗೆ ‘ಮಾಯಾವಿ’ ಎಂದೂ ಹೆಸರಿಡಬಹುದು. ಮಾಯಾವಿ ಎಂದೊಡನೆ ನಮಗೆ ನೆನಪಾಗುವ ಪೌರಾಣಿಕ ಪಾತ್ರಗಳಿಗೆ ಮಾಯೆ ಮನೆತನದ ಸೊತ್ತೇ ಆಗಿರುವುದರಿಂದ ಆ ಪದ ಚೆನ್ನಾಗಿ ಹೊಂದುತ್ತದೆ. ಮೇಜ್ ಎಂಬುದನ್ನು ಹೆಚ್ಚು ಯೋಚಿಸದೆ ‘ಮಾಂತ್ರಿಕ’ ಎನ್ನಿ. ಇಂಗ್ಲಿಷಿನಲ್ಲೂ ಅದು ಇಡೀ ಕುಲಕ್ಕೆ ಸಲ್ಲುವ ಸಾಧಾರಣ ಹೆಸರೇ.

ವಾರ್ಲಾಕನ ವಿಷಯದಲ್ಲಿ ಮಾತ್ರ ನಿಂತು ಯೋಚಿಸಬೇಕು. ‘ಬೇತಾಳಸಿದ್ಧ’, ‘ಯಕ್ಷಿಣಿಯನ್ನು ವಶಮಾಡಿಕೊಂಡವನು’ ಎಂಬ ನಮ್ಮ ಮಾತುಗಳು ನಾಲಗೆಯ ತುದಿಯಲ್ಲೇ ಇವೆ, ಓದಲೂ ಸೊಗಸಾಗಿವೆ. ಆದರೆ ನಮ್ಮ ಕಥೆಗಳಲ್ಲಿ ಸಾಧಕ ಬೇತಾಳವನ್ನು ಗೆಲ್ಲುತ್ತಾನೆ, ಇಲ್ಲವೇ ಒಲಿಸಿಕೊಳ್ಳುತ್ತಾನೆ. ಗೆದ್ದ ಮೇಲೆ ಅವನು ಒಡೆಯ, ಅದು ಆಳು. ಯುರೋಪಿನ ಕಥೆಗಳ ಕರಾರಿನಲ್ಲಿ ಸೈತಾನನೇ ಒಡೆಯ, ಮನುಷ್ಯ ತನ್ನ ಆತ್ಮವನ್ನು ಅಡವಿಟ್ಟ ಸಾಲಗಾರ. ವಾರ್ಲಾಕನನ್ನು ಬೇತಾಳಸಿದ್ಧನನ್ನಾಗಿಸಿದರೆ ಯಾರು ಯಾರ ಅಧೀನ ಎಂಬುದೇ ತಲೆಕೆಳಗಾಗಿ, ಕಥೆಯ ಕೊನೆಗೆ ಆ ಶಕ್ತಿ ಬಂದು ಬಾಕಿ ಕೇಳುವ ಸನ್ನಿವೇಶ ಅರ್ಥವಿಲ್ಲದ್ದಾಗುತ್ತದೆ. ‘ಕರಾರಿನ ಮಾಂತ್ರಿಕ’ ಎಂಬುದು ಕಿವಿಗೆ ಒರಟಾದರೂ ಕಥೆಯನ್ನು ಕೆಡಿಸುವುದಿಲ್ಲ. ಪಾತ್ರದ ಹೆಸರೇ ಪದೇ ಪದೇ ಬರುವ ಆಟದಲ್ಲಿ ‘ವಾರ್ಲಾಕ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸುವುದು ನನ್ನ ಆಯ್ಕೆ.

ನೆಕ್ರೊಮ್ಯಾನ್ಸರ್ ಪದದಲ್ಲಿ ಗ್ರೀಕಿನ ಎರಡು ಪದಗಳಿವೆ: ಸತ್ತವರು, ಮತ್ತು ಕಣಿ. ಸತ್ತವರನ್ನು ಎಬ್ಬಿಸಿ ಅವರ ಬಾಯಿಂದ ಮುಂದಾಗುವುದನ್ನು ಕೇಳಿ ತಿಳಿಯುವವನು ಎಂಬುದು ಹಳೆಯ ಅರ್ಥ. ಇಂದಿನ ಆಟಗಳಲ್ಲಿ ಅವನು ಹೆಣಗಳ ಸೈನ್ಯ ಕಟ್ಟುವವನು. ಹಳೆಯ ಗ್ರಂಥದಲ್ಲಿ ‘ಪ್ರೇತದ ಬಾಯಿಂದ ಕಣಿ ಕೇಳುವವನು’, ಹೊಸ ಆಟದಲ್ಲಿ ‘ಹೆಣ ಎಬ್ಬಿಸುವ ಮಾಂತ್ರಿಕ’ ಎಂದು ಬಿಡಿಸಿಯೇ ಬರೆಯಿರಿ. ಮಧ್ಯಯುಗದ ಲೇಖಕರು ಈ ಪದದ ಮೊದಲ ಭಾಗವನ್ನು ‘ಕಪ್ಪು’ ಎಂಬ ಲ್ಯಾಟಿನ್ ಪದವೆಂದು ತಪ್ಪಾಗಿ ತಿಳಿದು ತಿದ್ದಿಕೊಂಡಿದ್ದರಿಂದ, ಆ ಕಾಲದ ಬರಹದಲ್ಲಿ ಇದಕ್ಕೆ ಬರೀ ‘ಕೆಟ್ಟ ಮಂತ್ರವಿದ್ಯೆ’ ಎಂಬ ಅರ್ಥವೂ ಇರುತ್ತದೆ.

ಮೂರನೆಯ ಹಂತ: ವಿಚ್ ಎಂದಲ್ಲೆಲ್ಲ ಆರೋಪ ಹೊರಿಸಿದವರನ್ನು ಹುಡುಕಿ

ಕಾಲ್ಪನಿಕ ಕಥೆಯಲ್ಲಿ ತಪ್ಪಿದರೆ ಓದುಗ ಗೊಣಗುತ್ತಾನೆ, ಅಷ್ಟೆ. ಇತಿಹಾಸ ಮತ್ತು ಕಾನೂನಿನ ಬರಹದಲ್ಲಿ ವಿಚ್ ಪದವನ್ನು ತಪ್ಪಾಗಿ ತಂದರೆ ಸತ್ತವರಿಗೆ ಮತ್ತೊಮ್ಮೆ ಅನ್ಯಾಯವಾಗುತ್ತದೆ, ಆದ್ದರಿಂದ ಈ ಹಂತದಲ್ಲಿ ಆತುರ ಸಲ್ಲದು.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಗಂಡು ರೂಪವೂ ಹೆಣ್ಣು ರೂಪವೂ ಇದ್ದವು. ಅವೆರಡೂ ಸವೆದು ಒಂದಾದ ಮೇಲೆ ಹೆಣ್ಣಿನ ಅರ್ಥವೇ ಮುಂದಾಯಿತಾದರೂ ಗಂಡಸರನ್ನು ಹಾಗೆ ಕರೆಯುವುದು ನಿಂತಿರಲಿಲ್ಲ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟದ ಆರೋಪದ ಮೇಲೆ ನಡೆದ ವಿಚಾರಣೆಗಳಲ್ಲಿ ಗಲ್ಲಿಗೇರಿದ 19 ಮಂದಿಯಲ್ಲಿ ಐವರು ಗಂಡಸರು. ತಪ್ಪೊಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ಹೇಳಲೊಪ್ಪದ ಜೈಲ್ಸ್ ಕೋರಿ ಎಂಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ‘ಸೇಲಂನ ಮಾಟಗಾತಿಯರು’ ಎಂಬ ಶೀರ್ಷಿಕೆ ಕೊಟ್ಟಾಗ ಈ ಗಂಡಸರು ಮರೆಯಾಗುತ್ತಾರೆ. ಅದಕ್ಕಿಂತ ದೊಡ್ಡ ದೋಷವೆಂದರೆ, ಅವರೆಲ್ಲ ನಿಜಕ್ಕೂ ಮಾಟ ಮಾಡುತ್ತಿದ್ದರೆಂದು ಆ ಶೀರ್ಷಿಕೆಯೇ ತೀರ್ಪು ಕೊಟ್ಟಂತಾಗುತ್ತದೆ. ‘ಮಾಟದ ಆರೋಪ ಹೊತ್ತವರು’ ಎಂದು ಬರೆದರೆ ಎರಡೂ ದೋಷ ಕಳೆಯುತ್ತವೆ. ಅಂದಹಾಗೆ, ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಇಂಗ್ಲೆಂಡಿನ ಕಾನೂನು ನಡೆಯುತ್ತಿದ್ದ ಕಡೆ ಶಿಕ್ಷೆ ಗಲ್ಲು. ಸುಡುವುದು ಸ್ಕಾಟ್ಲೆಂಡಿನ, ಯುರೋಪು ಖಂಡದ ಪದ್ಧತಿ.

ಕಾನೂನಿನ ಬರಹವಾದರೆ ಇಸವಿಯನ್ನು ಮೊದಲು ನೋಡಿ. ಇಂಗ್ಲೆಂಡಿನಲ್ಲಿ 1542, 1563 ಮತ್ತು 1604ರ ಕಾಯಿದೆಗಳು ಮಾಟವನ್ನು ನಡೆಯಬಲ್ಲ ಅಪರಾಧವೆಂದೇ ನಂಬಿ ಬರೆದವು. 1735ರ ಕಾಯಿದೆ ಈ ನಂಬಿಕೆಯನ್ನೇ ಮಗುಚಿಹಾಕಿ, ಇಂಥ ಶಕ್ತಿ ತನಗಿದೆಯೆಂದು ನಟಿಸುವುದನ್ನು ಅಪರಾಧವೆಂದು ಸಾರಿತು. ಅದು 1951ರಲ್ಲಿ ರದ್ದಾಗುವವರೆಗೂ ಜಾರಿಯಲ್ಲಿತ್ತು. ಆದ್ದರಿಂದ 1604ರ ಪ್ರಕರಣದಲ್ಲಿ ‘ಮಾಟ ಮಾಡಿದ ಅಪರಾಧ’ ಎಂದೂ, 1735ರ ಈಚಿನ ಪ್ರಕರಣದಲ್ಲಿ ‘ಮಾಟದ ಶಕ್ತಿಯಿದೆಯೆಂದು ನಟಿಸಿದ ಅಪರಾಧ’ ಎಂದೂ ಬರೆಯಬೇಕಾಗುತ್ತದೆ, ಇಂಗ್ಲಿಷಿನಲ್ಲಿ ಎರಡೂ ಕಡೆ ವಿಚ್‌ಕ್ರಾಫ್ಟ್ ಎಂಬ ಒಂದೇ ಪದವಿದ್ದರೂ. ಭಾರತದಲ್ಲಿ ಬಿಹಾರವು 1999ರಲ್ಲಿ ತಂದ ಕಾಯಿದೆ, ಹೆಂಗಸರನ್ನು ‘ಡಾಯನ್’ (ಮಾಟಗಾತಿ) ಎಂದು ಕರೆದು ಹಿಂಸಿಸುವುದನ್ನು ಅಪರಾಧವಾಗಿಸಿತು. ಅಲ್ಲಿ ತಪ್ಪಿತಸ್ಥರು ಹಾಗೆ ಕರೆದವರು, ಕರೆಸಿಕೊಂಡವರಲ್ಲ. ಕರ್ನಾಟಕದ 2017ರ ಕಾಯಿದೆ, 2020ರ ಜನವರಿಯಲ್ಲಿ ಜಾರಿಗೆ ಬಂದದ್ದು, ಇಂಗ್ಲಿಷಿನಲ್ಲಿ ಬ್ಲ್ಯಾಕ್ ಮ್ಯಾಜಿಕ್ ಎನ್ನುತ್ತದೆ. ಅದಕ್ಕೆ ಕನ್ನಡದಲ್ಲಿ ‘ವಾಮಾಚಾರ’ ಎಂಬ ಪದ ನೆಲೆಗೊಂಡಿದೆ. ತಂತ್ರಶಾಸ್ತ್ರದಲ್ಲಿ ವಾಮಾಚಾರವೆಂದರೆ ಒಂದು ಸಾಧನಾಮಾರ್ಗ, ನೆರೆಮನೆಯ ಹೊಸ್ತಿಲಿಗೆ ಕುಂಕುಮ ಹಚ್ಚಿದ ನಿಂಬೆಹಣ್ಣು ಇಡುವುದಲ್ಲ. ಆದರೂ ಪತ್ರಿಕೆಗಳ ಕನ್ನಡದಲ್ಲಿ ಆ ಅರ್ಥ ಗಟ್ಟಿಯಾಗಿರುವುದರಿಂದ ಸುದ್ದಿಯಲ್ಲಿ ಅದನ್ನು ಬದಲಿಸಬೇಡಿ, ಧರ್ಮದ ಇತಿಹಾಸ ಬರೆಯುವಾಗ ಮಾತ್ರ ಎಚ್ಚರವಿರಲಿ.

ಮಾನವಶಾಸ್ತ್ರದ ಪುಸ್ತಕ ಕೈಗೆ ಬಂದರೆ ಇನ್ನೊಂದು ಭೇದ ಎದುರಾಗುತ್ತದೆ. ಆಫ್ರಿಕದ ಅಜಾಂದೆ ಜನರ ಬಗ್ಗೆ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ವಿಚ್‌ಕ್ರಾಫ್ಟ್ ಮತ್ತು ಸಾರ್ಸರಿ ಎಂಬ ಎರಡು ಪದಗಳನ್ನು ವಿದ್ವಾಂಸರು ಬೇರೆಬೇರೆಯಾಗಿ ಬಳಸುತ್ತ ಬಂದಿದ್ದಾರೆ. ಅಜಾಂದೆಯವರ ನಂಬಿಕೆಯಂತೆ ಮೊದಲನೆಯದು ಮೈಯೊಳಗೇ ಇರುವ, ತಂದೆತಾಯಿಯಿಂದ ಬರುವ ಕೇಡಿನ ಗುಣ. ಅದಕ್ಕೆ ಮಂತ್ರವೂ ಬೇಡ, ಬೇರುನಾರೂ ಬೇಡ, ಅದು ತನ್ನಲ್ಲಿದೆ ಎಂದು ಕೆಲವೊಮ್ಮೆ ಆ ಮನುಷ್ಯನಿಗೇ ತಿಳಿದಿರುವುದಿಲ್ಲ. ಎರಡನೆಯದು ಬೇಕೆಂದೇ ಮದ್ದು, ವಿಧಿ ಬಳಸಿ ಮಾಡುವ ಕೆಲಸ. ಕನ್ನಡದಲ್ಲಿ ‘ಮಾಟ’, ‘ಮದ್ದು ಹಾಕುವುದು’ ಎಂಬ ಮಾತುಗಳು ಎರಡನೆಯದಕ್ಕೆ ಸಲ್ಲುತ್ತವೆ. ಮೊದಲನೆಯದಕ್ಕೆ ನಮ್ಮಲ್ಲಿ ಹತ್ತಿರವಾದದ್ದು ‘ಕಣ್ಣು ತಾಗುವುದು’, ‘ದೃಷ್ಟಿಯಾಗುವುದು’: ಕೆಟ್ಟ ಕಣ್ಣಿನವರು ಮಗುವನ್ನು ನೋಡಿ ಮೆಚ್ಚಿದರೂ ಸಾಕು, ಅದು ಹಾಲು ಕಕ್ಕುತ್ತದೆ ಎಂಬ ನಂಬಿಕೆಯಲ್ಲೂ ಮಂತ್ರವಿಲ್ಲ, ಉದ್ದೇಶವಿಲ್ಲ. ಇಂಥ ಪುಸ್ತಕದಲ್ಲಿ ವಿಚ್‌ಕ್ರಾಫ್ಟನ್ನು ‘ಮಾಟ’ ಎಂದು ಬರೆದರೆ ಲೇಖಕ ಬೇರ್ಪಡಿಸಿದ್ದನ್ನು ನಾವು ಮತ್ತೆ ಕಲಸಿದಂತೆ. ‘ಹುಟ್ಟುಕೇಡಿನ ಶಕ್ತಿ’ ಎಂದು ಹೊಸದಾಗಿ ಹೇಳಿ, ದೃಷ್ಟಿಯ ಉದಾಹರಣೆಯನ್ನು ಪಕ್ಕದಲ್ಲಿಟ್ಟು ತಿಳಿಸುವುದು ಉತ್ತಮ.

ಇನ್ನು ಕೆಲವನ್ನು ಬೇಗ ಹೇಳಿಬಿಡಬಹುದು. ವಿಚ್ ಡಾಕ್ಟರ್ ಎಂದರೆ ಮಾಟ ತೆಗೆಯುವವನು, ಹಾಕುವವನಲ್ಲ. 20ನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ ಪ್ರಚಾರಕ್ಕೆ ತಂದ ವಿಕ್ಕ ಒಂದು ಧಾರ್ಮಿಕ ಪಂಥ, ಅದರವರು ತಮ್ಮನ್ನು ವಿಚ್ ಎಂದು ಹೆಮ್ಮೆಯಿಂದ ಕರೆದುಕೊಂಡರೂ ಕನ್ನಡದಲ್ಲಿ ಅವರನ್ನು ‘ವಿಕ್ಕ ಪಂಥದವರು’ ಎನ್ನಬೇಕು. ರಾಜಕೀಯದ ವಿಚ್ ಹಂಟ್ ಎಂಬುದರಲ್ಲಿ ಮಾಟದ ಮಾತು ಬೇಡವೇ ಬೇಡ, ‘ಇಲ್ಲದ ತಪ್ಪು ಹುಡುಕಿ ಬೆನ್ನುಹತ್ತುವುದು’ ಎಂದರೆ ಆಯಿತು. ಮುಖಕ್ಕೆ ಹಚ್ಚುವ ವಿಚ್ ಹೇಝಲ್ ಎಂಬ ಗಿಡದ ರಸಕ್ಕೂ ಮಾಟಕ್ಕೂ ಸಂಬಂಧವಿಲ್ಲ, ಅಲ್ಲಿನ ವಿಚ್ ‘ಬಳುಕುವ’ ಎಂಬ ಅರ್ಥದ ಬೇರೆಯೇ ಹಳೆಯ ಪದ.

ನಾಲ್ಕನೆಯ ಹಂತ: ನೋಡುವವರಿಗೆ ಅದು ಆಟವೆಂದು ಗೊತ್ತಿದೆಯೇ?

ಮ್ಯಾಜಿಶಿಯನ್ ಮತ್ತು ಕಾಂಜರರ್ ಎಂಬ ಪದಗಳಿಗೆ ಎರಡು ಮುಖಗಳಿವೆ. ಕಾಂಜರ್ ಎಂದರೆ ಮೂಲದಲ್ಲಿ ಕೂಡಿ ಆಣೆಯಿಡುವುದು. ಆಮೇಲೆ ದೆವ್ವವನ್ನು ಆಣೆಯಿಟ್ಟು ಕರೆಯುವುದಾಯಿತು. ಈಗ ಟೋಪಿಯಿಂದ ಮೊಲ ತೆಗೆಯುವುದು. ಪ್ರೇಕ್ಷಕರು ಚೀಟಿ ಕೊಂಡು, ಮೋಸಹೋಗಲೆಂದೇ ಬಂದು ಕೂತಿದ್ದರೆ ‘ಜಾದೂಗಾರ’ ಎನ್ನಿ. ಬೀದಿಯಲ್ಲಿ ನಡೆಯುವ ಕೈಚಳಕವಾದರೆ ‘ಕಣ್ಕಟ್ಟು’, ‘ಇಂದ್ರಜಾಲ’ ಎಂಬ ಮಾತುಗಳಿವೆ. ಇಬ್ಬರು ಎದುರುಬದುರು ನಿಂತು ವಿದ್ಯೆಯನ್ನು ಪಣಕ್ಕೊಡ್ಡುವ ಸನ್ನಿವೇಶ ಇಂಗ್ಲಿಷ್ ಕಥೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ, ಅದಕ್ಕೆ ನಮ್ಮ ಹಳ್ಳಿಗಳ ‘ಮೋಡಿ’ ಆಟದ ಮಾತು ಎಷ್ಟು ಒಪ್ಪುತ್ತದೆಂಬುದು ಒಮ್ಮೆ ಬಳಸಿದರೆ ತಿಳಿಯುತ್ತದೆ.

ಮ್ಯಾಜಿಶಿಯನ್ ಪದದ ಹಿಂದಿರುವುದು ಪ್ರಾಚೀನ ಪರ್ಷಿಯದ ಪುರೋಹಿತರ ಹೆಸರು. ಗ್ರೀಕರು ಅದನ್ನು ‘ಮಾಗೋಸ್’ ಎಂದು ಬಳಸಿದರು. ಇದೇ ಗ್ರೀಕ್ ಪದವನ್ನು 1611ರ ಇಂಗ್ಲಿಷ್ ಬೈಬಲಿನ ಅನುವಾದಕರು ಏನು ಮಾಡಿದರೆಂಬುದು ನಮಗೆ ಪಾಠವಾಗಬಲ್ಲದು. ಮತ್ತಾಯನ ಸುವಾರ್ತೆಯಲ್ಲಿ ನಕ್ಷತ್ರ ನೋಡಿ ಯೇಸುವಿಗೆ ಕಾಣಿಕೆ ತಂದವರು ‘ವೈಸ್ ಮೆನ್’, ಅಂದರೆ ಜ್ಞಾನಿಗಳು. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಪೌಲನನ್ನು ಎದುರಿಸಿದ ಎಲಿಮನು ‘ಸಾರ್ಸರರ್’. ಮೂಲದಲ್ಲಿ ಪದ ಒಂದೇ, ಅವರು ನಮ್ಮ ಕಡೆಯವರೋ ಎದುರಾಳಿಯೋ ಎಂಬುದೇ ಅನುವಾದವನ್ನು ನಿರ್ಧರಿಸಿತು. ಅದೇ ರೀತಿ, ಹಳೆಯ ಒಡಂಬಡಿಕೆಯಲ್ಲಿ ಅರಸ ಸೌಲನಿಗಾಗಿ ಸತ್ತ ಪ್ರವಾದಿ ಸಮುವೇಲನನ್ನು ಎಬ್ಬಿಸಿದ ಎಂದೋರಿನ ಹೆಂಗಸನ್ನು ಜನ ‘ವಿಚ್’ ಎಂದೇ ಕರೆಯುತ್ತಾರಾದರೂ ಆ ಅನುವಾದದ ಸಾಲಿನಲ್ಲಿ ಆ ಪದವಿಲ್ಲ, ವಶದಲ್ಲೊಂದು ಭೂತವಿರುವ ಹೆಂಗಸು ಎಂದಷ್ಟೇ ಇದೆ. ಇಂಥಲ್ಲಿ ರೂಢಿಯ ಹೆಸರನ್ನು ಬಿಟ್ಟು ಪಠ್ಯವನ್ನೇ ನಂಬಬೇಕು.

ಐದನೆಯ ಹಂತ: ಇಂಟರ್‌ಸೆಪ್ಟ್ ಬಂದಾಗ, ಹೊರಟದ್ದು ತಲುಪಿತೇ ಎಂದು ಕೇಳಿ

ಈಗ ಎರಡನೆಯ ತೊಡಕಿಗೆ ಬರೋಣ. ಇಂಟರ್‌ಸೆಪ್ಟ್ ಎಂದರೆ ಲ್ಯಾಟಿನ್ನಿನಲ್ಲಿ ನಡುವೆ ಹಿಡಿಯುವುದು. ಹಿಡಿದ ಮೇಲೆ ಏನಾಯಿತೆಂಬುದನ್ನು ಪದ ಹೇಳುವುದಿಲ್ಲ, ಎಡವಟ್ಟೆಲ್ಲ ಆಗುವುದು ಅಲ್ಲಿಯೇ. ‘ತಡೆ’ ಎಂಬ ಒಂದೇ ಕನ್ನಡ ಪದವನ್ನು ಎಲ್ಲ ಕಡೆಗೂ ಹಚ್ಚಿದರೆ ಹತ್ತರಲ್ಲಿ ಅರ್ಧ ಸುದ್ದಿ ತಪ್ಪಾಗುತ್ತದೆ.

1917ರ ಜನವರಿಯಲ್ಲಿ ಜರ್ಮನಿಯ ವಿದೇಶಾಂಗ ಸಚಿವ ಝಿಮ್ಮರ್‌ಮನ್ ಮೆಕ್ಸಿಕೊಗೆ ಕಳಿಸಿದ ತಂತಿ ಸಂದೇಶವನ್ನು ಬ್ರಿಟಿಷರು ಇಂಟರ್‌ಸೆಪ್ಟ್ ಮಾಡಿದರೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ‘ತಡೆದರು’ ಎಂದು ಬರೆದರೆ ಸಂದೇಶ ಮೆಕ್ಸಿಕೊ ಮುಟ್ಟಲಿಲ್ಲವೆಂದಾಗುತ್ತದೆ. ನಡೆದದ್ದು ಹಾಗಲ್ಲ. ಸಂದೇಶ ತನ್ನ ಪಾಡಿಗೆ ತಾನು ತಲುಪಿತು. ಬ್ರಿಟಿಷರು ನಡುವೆ ಅದರ ಪ್ರತಿ ಪಡೆದು, ಗೂಢಲಿಪಿ ಬಿಡಿಸಿ ಅಮೆರಿಕಕ್ಕೆ ತೋರಿಸಿದರು, ಏಪ್ರಿಲಿನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕಿಳಿಯಿತು. ಇಲ್ಲಿ ‘ನಡುವೆ ಕದ್ದೋದಿದರು’ ಎಂಬುದೇ ನಿಜಕ್ಕೆ ಹತ್ತಿರ.

ದೂರವಾಣಿಯ ವಿಷಯದಲ್ಲಿ ಕನ್ನಡಕ್ಕೆ ‘ಕದ್ದಾಲಿಕೆ’ ಎಂಬ ಅಚ್ಚುಕಟ್ಟಾದ ಪದವಿದೆ. 1988ರಲ್ಲಿ ಈ ಆರೋಪದ ಬಿರುಗಾಳಿಯ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಪ್ರಕರಣವನ್ನು ಕರ್ನಾಟಕ ಇಂದಿಗೂ ನೆನೆಯುವುದು ಆ ಪದದಿಂದಲೇ. ಆದರೆ ಆ ಪದದೊಳಗೇ ಕಳ್ಳತನ ಇದೆ. ಕಾನೂನು ಅನುಮತಿಸಿದ ಇಂಟರ್‌ಸೆಪ್ಶನ್ನನ್ನು ‘ಕಾನೂನುಬದ್ಧ ಕದ್ದಾಲಿಕೆ’ ಎಂದರೆ ಮಾತು ತನ್ನನ್ನೇ ತಾನು ಸುಳ್ಳಾಗಿಸಿಕೊಳ್ಳುತ್ತದೆ. ಭಾರತದಲ್ಲಿ ಈ ಅಧಿಕಾರ 1885ರ ಟೆಲಿಗ್ರಾಫ್ ಕಾಯಿದೆಯ 5ನೆಯ ಸೆಕ್ಷನ್ನಿನ 2ನೆಯ ಉಪವಿಭಾಗದಲ್ಲಿತ್ತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಾರ್ಯವಿಧಾನದ ಕಡಿವಾಣ ಹಾಕಿತು. ಕಂಪ್ಯೂಟರ್ ಮಾಹಿತಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಸೆಕ್ಷನ್ ಮತ್ತು 2009ರ ನಿಯಮಗಳು ಅನ್ವಯಿಸುತ್ತವೆ. ಈಗ 2023ರ ದೂರಸಂಪರ್ಕ ಕಾಯಿದೆಯೂ ಬಂದಿದೆ. 2009ರ ನಿಯಮಗಳು ಕೊಡುವ ವ್ಯಾಖ್ಯೆಯ ತಿರುಳು ಹೀಗಿದೆ: ಕಳಿಸಿದವರೂ ಪಡೆಯಬೇಕಾದವರೂ ಅಲ್ಲದ ಮೂರನೆಯವರಿಗೆ ಮಾಹಿತಿಯ ಒಳಹುರುಳು ಸಿಗುವಂತೆ ಮಾಡುವುದು. ಇದರಲ್ಲಿ ನಿಲ್ಲಿಸುವ ಮಾತು ಮುಖ್ಯವಲ್ಲ, ಮೂರನೆಯ ಕಿವಿ ಮುಖ್ಯ. ಆದ್ದರಿಂದ ಅನುಮತಿಯಿಲ್ಲದೆ ನಡೆದಿದ್ದರೆ ‘ಕದ್ದಾಲಿಕೆ’ ಎಂದೂ, ಗೃಹ ಕಾರ್ಯದರ್ಶಿಯ ಆದೇಶದ ಮೇಲೆ ನಡೆದಿದ್ದರೆ ‘ಸಂಭಾಷಣೆಯನ್ನು ನಡುವೆ ಆಲಿಸಿ ದಾಖಲಿಸಿಕೊಳ್ಳುವುದು’ ಎಂದೂ 2 ಬೇರೆ ಮಾತುಗಳನ್ನಿಟ್ಟುಕೊಳ್ಳಿ. ಎರಡನೆಯದು ಉದ್ದವಾಯಿತೆಂದು ಸಂಪಾದಕರು ಮೂಗು ಮುರಿಯಬಹುದು, ಮುರಿಯಲಿ.

ಆಕಾಶದಲ್ಲಿ ಈ ಪದಕ್ಕೆ ಮೂರು ಅರ್ಥಗಳಿವೆ. ಕ್ಷಿಪಣಿಯನ್ನು ಇಂಟರ್‌ಸೆಪ್ಟ್ ಮಾಡುವುದೆಂದರೆ ಗಾಳಿಯಲ್ಲೇ ಹೊಡೆದು ನಾಶಮಾಡುವುದು, 2006ರ ನವೆಂಬರಿನಲ್ಲಿ ಭಾರತದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪೃಥ್ವಿ ವಾಯುರಕ್ಷಣಾ ಕ್ಷಿಪಣಿಯಿಂದ ಮಾಡಿ ತೋರಿಸಿದಂತೆ. ಇಲ್ಲಿ ‘ಹೊಡೆದುರುಳಿಸಿತು’ ಎಂಬುದು ಸರಿ. ಬಂದ ಬಾಣವನ್ನು ನಡುದಾರಿಯಲ್ಲೇ ಕಡಿದು ಕೆಡಹುವ ಮಹಾಭಾರತದ ಕಥೆ ಕೇಳಿ ಬೆಳೆದ ನಮಗೆ ‘ನಡುದಾರಿಯಲ್ಲೇ ತರಿಯಿತು’ ಎಂಬುದೂ ಸಹಜ. ಆದರೆ ಒಂದು ದೇಶದ ಯುದ್ಧವಿಮಾನ ಇನ್ನೊಂದು ದೇಶದ ವಿಮಾನವನ್ನು ಇಂಟರ್‌ಸೆಪ್ಟ್ ಮಾಡಿತೆಂಬ ಸುದ್ದಿ ಬಂದರೆ ಗುಂಡು ಹಾರಿತೆಂದು ತಿಳಿಯಬೇಡಿ. ಬಹುಪಾಲು ಅದು ಬಳಿಸಾರಿ, ಯಾರೆಂದು ಗುರುತು ಹಿಡಿದು, ಬದಿಯಲ್ಲೇ ಹಾರುತ್ತ ದಾರಿ ತೋರಿಸುವ ಕ್ರಿಯೆ. ಅಂತರರಾಷ್ಟ್ರೀಯ ನಿಯಮದಂತೆ ಹೀಗೆ ಬಂದ ವಿಮಾನ ಸಾಮಾನ್ಯವಾಗಿ ಎಡಮುಂದಕ್ಕೆ ಬಂದು ರೆಕ್ಕೆಗಳನ್ನು ಅತ್ತಿತ್ತ ತೂಗಿಸುತ್ತದೆ. ‘ನನ್ನ ಹಿಂದೆ ಬಾ’ ಎಂದು ಅದರರ್ಥ. ಆ ಸನ್ನೆ ಕಂಡ ವಿಮಾನವೂ ರೆಕ್ಕೆ ತೂಗಿ ಒಪ್ಪಿಗೆ ಸೂಚಿಸುತ್ತದೆ. ಇದನ್ನು ‘ಅಡ್ಡಗಟ್ಟಿ ಜೊತೆಗೆ ಹಾರಿತು’ ಎಂದು ಬರೆಯಬೇಕು. ಮೂರನೆಯದು ಇಳಿಯುವ ವಿಮಾನದ ಪೈಲಟ್ ರೇಡಿಯೋ ಸಂಕೇತದ ರೇಖೆಯನ್ನು ಇಂಟರ್‌ಸೆಪ್ಟ್ ಮಾಡುವುದು. ಅಲ್ಲಿ ತಡೆಯೂ ಇಲ್ಲ, ಅಡ್ಡವೂ ಇಲ್ಲ, ‘ಸಂಕೇತರೇಖೆಯನ್ನು ಸೇರಿಕೊಂಡಿತು’ ಎಂದರೆ ಸಾಕು.

ಆಟದ ಮೈದಾನದಲ್ಲಿ ಕೇಳಬೇಕಾದ ಪ್ರಶ್ನೆ ಚೆಂಡು ಯಾರ ಪಾಲಾಯಿತು ಎಂಬುದು. ಫುಟ್‌ಬಾಲಿನಲ್ಲಿ ಎದುರಾಳಿಯ ಕಾಲಿಂದ ಚೆಂಡು ಕಸಿದರೆ ಅದು ಟ್ಯಾಕಲ್. ಹೊರಟ ಪಾಸ್ ಮತ್ತೊಬ್ಬ ಆಟಗಾರನನ್ನು ಸೇರುವ ಮೊದಲು ನಡುವೆ ನುಗ್ಗಿದರೆ ಇಂಟರ್‌ಸೆಪ್ಶನ್. ಮೊದಲನೆಯದಕ್ಕೆ ‘ಕಸಿದುಕೊಂಡ’, ಎರಡನೆಯದಕ್ಕೆ ‘ಪಾಸನ್ನು ತುಂಡರಿಸಿದ’ ಎಂಬ ಭೇದವನ್ನು ಕಾಪಾಡಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಎಸೆದ ಚೆಂಡು ನೆಲ ಮುಟ್ಟುವ ಮೊದಲು ಎದುರು ತಂಡದವನ ಕೈಸೇರಿದರೆ ಆ ಕ್ಷಣವೇ ಚೆಂಡಿನ ಹಕ್ಕು ಬದಲಾಗುತ್ತದೆ. ಇದನ್ನು ‘ಕ್ಯಾಚ್ ಹಿಡಿದ’ ಎಂದರೆ ಕ್ರಿಕೆಟ್ ನೋಡಿ ಬೆಳೆದ ಓದುಗ ಯಾರೋ ಔಟಾದರೆಂದು ತಿಳಿಯುತ್ತಾನೆ. ‘ಎದುರಾಳಿ ನಡುವೆಯೇ ಹಿಡಿದು ಚೆಂಡನ್ನು ತನ್ನ ತಂಡದ ವಶಕ್ಕೆ ತಂದ’ ಎಂದು ಪೂರ್ತಿ ಹೇಳಿ.

ಗಣಿತದ ಇಂಟರ್‌ಸೆಪ್ಟಿನಲ್ಲಿ ಚಲಿಸುವ ವಸ್ತುವೇ ಇಲ್ಲ. 2x + 3y = 6 ಎಂಬ ರೇಖೆ x ಅಕ್ಷವನ್ನು 3ರಲ್ಲೂ y ಅಕ್ಷವನ್ನು 2ರಲ್ಲೂ ಕಡಿಯುತ್ತದೆ; ಮೂಲಬಿಂದುವಿನಿಂದ ಆ ಕಡಿದ ಜಾಗದವರೆಗಿನ ಅಳತೆಯೇ ಇಂಟರ್‌ಸೆಪ್ಟ್. ಶಾಲೆಯ ಪಠ್ಯದಲ್ಲಿರುವ ಪಾರಿಭಾಷಿಕ ಪದವನ್ನೇ ಅನುಸರಿಸಿ, ಸಾಮಾನ್ಯ ಓದುಗರಿಗಾದರೆ ‘ಅಕ್ಷವನ್ನು ಕಡಿಯುವ ಜಾಗ’ ಎನ್ನಿ.

ಮಳೆಯ ಇಂಟರ್‌ಸೆಪ್ಶನ್ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕಾಡಿನ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಎಲೆ, ಕೊಂಬೆಗಳ ಮೇಲೆಯೇ ನಿಂತು ಅಲ್ಲಿಂದಲೇ ಆವಿಯಾಗಿಹೋಗುತ್ತದೆ, ನೆಲಕ್ಕೆ ಮುಟ್ಟುವುದೇ ಇಲ್ಲ. ಜಲವಿಜ್ಞಾನದಲ್ಲಿ ಇಂಟರ್‌ಸೆಪ್ಶನ್ ಎಂದರೆ ಈ ಪಾಲು ಮಾತ್ರ. ಎಲೆಯಿಂದ ತಡವಾಗಿ ತೊಟ್ಟಿಕ್ಕುವುದೂ ಕಾಂಡದ ಮೇಲೆ ಇಳಿಯುವುದೂ ಬೇರೆ ಲೆಕ್ಕಕ್ಕೆ ಸೇರುತ್ತವೆ. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ನಮ್ಮ ಗಾದೆ ಹೇಳುವುದು ಈ ತೊಟ್ಟಿಕ್ಕುವ ಪಾಲನ್ನು, ಆದ್ದರಿಂದ ಪಶ್ಚಿಮ ಘಟ್ಟದ ಕುರಿತ ಲೇಖನದಲ್ಲಿ ಇಂಟರ್‌ಸೆಪ್ಶನ್‌ಗೆ ಆ ಗಾದೆಯನ್ನು ಅಂಟಿಸುವುದು ಚಂದ ಕಂಡರೂ ತಪ್ಪು. ‘ಎಲೆ ಹಿಡಿದಿಟ್ಟ ಮಳೆ’ ಎಂದರೆ ವಿಜ್ಞಾನವೂ ಉಳಿಯುತ್ತದೆ, ಕನ್ನಡವೂ ಉಳಿಯುತ್ತದೆ.

ಆರನೆಯ ಹಂತ: ಬಳಕೆಯಲ್ಲಿರುವ ಹೆಸರನ್ನು ಮುಟ್ಟಬೇಡಿ, ಉಳಿದದ್ದನ್ನು ಬರೆದಿಡಿ

ಹೆದ್ದಾರಿಯಲ್ಲಿ ವೇಗ ಅಳೆಯುವ ಯಂತ್ರ ಹೊತ್ತು ನಿಂತ ಪೊಲೀಸರ ಗಾಡಿಯನ್ನು ಕರ್ನಾಟಕದ ಚಾಲಕರು ‘ಇಂಟರ್‌ಸೆಪ್ಟರ್’ ಎಂದೇ ಕರೆಯುತ್ತಾರೆ, ಕರಾವಳಿ ಕಾವಲು ಪಡೆಯ ವೇಗದ ದೋಣಿಯೂ ಇಂಟರ್‌ಸೆಪ್ಟರ್ ಬೋಟೇ. ಜನ ಒಪ್ಪಿದ ಇಂಥ ಹೆಸರುಗಳಿಗೆ ‘ಪ್ರತಿಬಂಧಕ ವಾಹನ’ ಎಂಬ ಹೊಸ ಅಂಗಿ ತೊಡಿಸುವುದರಿಂದ ಯಾರಿಗೂ ಲಾಭವಿಲ್ಲ.

ಉದ್ದದ ಕೃತಿಯಾದರೆ ನಿಮ್ಮ ತೀರ್ಮಾನಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಪದ ಮತ್ತು ಕನ್ನಡ ಪದ ಎಂಬ ಎರಡು ಕಲಮುಗಳಷ್ಟೇ ಇದ್ದರೆ ಅದು ಮೂರನೆಯ ಅಧ್ಯಾಯಕ್ಕೇ ಕೈಕೊಡುತ್ತದೆ. ಮೂರನೆಯ ಕಲಮಿನಲ್ಲಿ ಆ ಪದ ಬಂದ ಮೂಲವಾಕ್ಯವನ್ನೂ, ನಾಲ್ಕನೆಯದರಲ್ಲಿ ಆ ಪದವನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನೂ ಬರೆಯಿರಿ. ಹಳ್ಳಿಯವರು ಬೈಯುವಾಗ ‘ಮಾಟಗಾತಿ’ ಆಗುವ ಪಾತ್ರವೇ ತನ್ನ ಶಿಷ್ಯೆಯ ಬಾಯಲ್ಲಿ ‘ಮಂತ್ರಜ್ಞೆ’ ಆಗಬೇಕಾದ ಸಂದರ್ಭ ಬಂದೇ ಬರುತ್ತದೆ, ಇಂಗ್ಲಿಷಿನಲ್ಲಿ ಎರಡು ಕಡೆಯೂ ವಿಚ್ ಎಂದೇ ಇದ್ದರೂ. ಒಬ್ಬರಿಗಿಂತ ಹೆಚ್ಚು ಅನುವಾದಕರಿರುವ ಕೆಲಸದಲ್ಲಿ ಈ ನಾಲ್ಕನೆಯ ಕಲಮನ್ನು ಎಲ್ಲರೂ ಸೇರಿ ತುಂಬಿಸಿದ ಮೇಲೆಯೇ ಮೊದಲ ಅಧ್ಯಾಯವನ್ನು ಅಂತಿಮಗೊಳಿಸಬೇಕು.